ಸಂಪಾದಕರ ಉತ್ತರ: ಚೀಟಿಯಲ್ಲಿ ಬರೆಯದ ಕಸುಬು

ಕುಶಾಲನಗರದ ಓದುಗರಿಗೆ ನಮಸ್ಕಾರ.

ಒಣಗಿದ ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುವ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಆರಿಸುವ ತಮ್ಮ ಬೀದಿಯ ಹೆಣ್ಣುಮಕ್ಕಳಿಗೆ ಕೆಮ್ಮು ಬಿಡುತ್ತಿಲ್ಲವೆಂದೂ, ಅವರಿಗಾಗಿ ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುವಂತೆ ಪತ್ರಿಕೆ ಒತ್ತಾಯಿಸಬೇಕೆಂದೂ ಬರೆದಿದ್ದೀರಿ. ಶಿಬಿರ ಬೇಡವೆನ್ನುವುದಿಲ್ಲ, ಆದರೆ ಬಿಪಿ, ಶುಗರ್ ನೋಡಿ, ಮಾತ್ರೆ ಹಂಚಿ, ಸಂಜೆಗೆ ಶಾಮಿಯಾನ ಬಿಚ್ಚುವ ಶಿಬಿರಕ್ಕೆ ಈ ಕೆಮ್ಮಿನ ಮೂಲ ಸಿಗಲಾರದು.

ಹುರಿಯದ ಕಾಫಿ ಬೀಜದ ಧೂಳು ಕೆಲವರಲ್ಲಿ ಅಲರ್ಜಿಯನ್ನೂ ಉಬ್ಬಸವನ್ನೂ ಉಂಟುಮಾಡುತ್ತದೆಂಬುದು ವೈದ್ಯರಿಗೆ ಹೊಸ ಸಂಗತಿಯಲ್ಲ. ಅದನ್ನು ಸಂದೇಹಿಸಲು ಯಂತ್ರವೂ ಬೇಕಿಲ್ಲ, ಎರಡು ಪ್ರಶ್ನೆ ಸಾಕು: ಏನು ಕೆಲಸ ಮಾಡುತ್ತೀರಿ, ರಜೆಯ ದಿನಗಳಲ್ಲಿ ಕೆಮ್ಮು ಕಡಿಮೆಯಾಗುತ್ತದೆಯೇ? ರೋಗಿಯ ಕಸುಬನ್ನು ಕೇಳಬೇಕೆಂದು ಇಟಲಿಯ ವೈದ್ಯ ರಾಮಾಝಿನಿ 1700ರಲ್ಲಿಯೇ ಬರೆದಿದ್ದ. ನಮ್ಮ ಹೊರರೋಗಿ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಇರುತ್ತವೆ. ಕಸುಬು ಕಾಣುವುದು ಅಪರೂಪ. ಕಲ್ಲು ಕೊರೆಯುವವನಿಗೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ, ಸಿಲಿಕೋಸಿಸ್, ಎಷ್ಟೋ ಸಲ ಕ್ಷಯವೆಂದು ಚಿಕಿತ್ಸೆ ಪಡೆಯುವುದು ಹೀಗೆಯೇ. ಕಾರ್ಮಿಕರಿಗೆ ಪರಿಹಾರ ಕೊಡಿಸುವ 1923ರ ಕಾಯ್ದೆಯ ಕಸುಬಿನ ರೋಗಗಳ ಪಟ್ಟಿಯಲ್ಲಿ ಆ ರೋಗ ಸೇರಿತ್ತಾದರೂ, ವೈದ್ಯರು ಅದರ ಹೆಸರು ಬರೆಯದ ಮೇಲೆ ಪಟ್ಟಿಯಿಂದ ಅವನಿಗೇನು ಬಂತು?

ಇಎಸ್‌ಐ ಇದೆಯಲ್ಲ ಎಂದೂ ಕೇಳಿದ್ದೀರಿ. ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯಾದ ಅದು ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ, ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಎಂದು ಬೆಳೆದುಬಂದ ವ್ಯವಸ್ಥೆ. ಕಾಫಿ, ಚಹಾ, ಸಕ್ಕರೆ ತಯಾರಿಕೆಯಂಥ ಋತುಮಾನದ ಕಾರ್ಖಾನೆಗಳನ್ನು ಅದರ 1948ರ ಕಾಯ್ದೆ ಹೊರಗೇ ಇಟ್ಟಿತ್ತು. ಕಾಫಿಯ ಜಿಲ್ಲೆಯಲ್ಲಿ ಕುಳಿತು ಇದನ್ನು ಓದುವಾಗ ನಗು ಬರುವುದಿಲ್ಲ. ಮನೆಗೆಲಸದವರು, ತಳ್ಳುಗಾಡಿಯವರು ಆ ಲೆಕ್ಕಕ್ಕೆ ಬಂದವರೇ ಅಲ್ಲ.

ಆದ್ದರಿಂದ ನಾವು ಕೇಳಬೇಕಾದುದು ಬೇರೆ. ಹಗಲು ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಗುವುದರಿಂದ, ಇಂಥ ದುಡಿಯುವವರು ವಾಸಿಸುವ ಕಡೆಯೇ ಸಂಜೆ ತೆರೆದಿರುವ, ಕಸುಬನ್ನು ದಾಖಲಿಸುವ ಚಿಕಿತ್ಸಾಲಯ ಬೇಕು. ಮದ್ದು ಕೊಟ್ಟು ಮತ್ತೆ ಅದೇ ಧೂಳಿಗೆ ಕಳುಹಿಸಿದರೆ ಪ್ರಯೋಜನವಿಲ್ಲವಾದ್ದರಿಂದ, ಸಿಪ್ಪೆ ಸುಲಿಯುವ ಹಲ್ಲರ್ ಯಂತ್ರದ ಬಳಿಯೇ ಧೂಳನ್ನು ಎಳೆದುಕೊಳ್ಳುವ ಏರ್ಪಾಡನ್ನು ಮಾಲೀಕರಿಂದ ಮಾಡಿಸಬೇಕು. ಮೂಗಿಗೆ ಕಟ್ಟಿದ ಸೆರಗು ನಯವಾದ ಧೂಳನ್ನು ತಡೆಯದು.

ಸದ್ಯಕ್ಕೆ ತಮ್ಮಿಂದ ಒಂದು ಸಹಾಯ ಬೇಕು. ತಮ್ಮ ಬೀದಿಯ ಆ ಹೆಣ್ಣುಮಕ್ಕಳಲ್ಲಿ ಯಾರೇ ಆಸ್ಪತ್ರೆಗೆ ಹೋದರೂ, ಕ್ಯೂರಿಂಗ್‌ನಲ್ಲಿ ಬೀಜ ಆರಿಸುವ ಕೆಲಸ, ಇಷ್ಟು ವರ್ಷದಿಂದ, ಎಂದು ಚೀಟಿಯ ಮೇಲೆ ಬರೆಸಿಕೊಂಡು ಬರಲು ಹೇಳಿ. ಅಂಥ ಚೀಟಿಗಳು ಹತ್ತಾರು ಸೇರಿದರೆ, ಅವರ ಒಪ್ಪಿಗೆ ಪಡೆದು, ಹೆಸರು ಮರೆಮಾಡಿದ ನಕಲುಗಳೊಂದಿಗೆ ಆರೋಗ್ಯಾಧಿಕಾರಿಗಳನ್ನು ಕಾಣಲು ನಾವೂ ತಮ್ಮೊಡನೆ ಬರುತ್ತೇವೆ.

– ಸಂಪಾದಕ