ಸ್ಟೌಗೆ ಎಲ್ಲಿಯ ವರಸೆ?

ಓದುಗರ ಪತ್ರ: ಕಳೆದ ಸಂಚಿಕೆಯ ಹರಟೆಯಲ್ಲಿ ‘ಬೆಳಿಗ್ಗೆಯಿಂದ ಗ್ಯಾಸ್ ಸ್ಟೌ ಹೊಸ ವರಸೆ ತೆಗೆದಿದೆ’ ಎಂದು ಬರೆದಿದ್ದೀರಿ. ವರಸೆ ಎಂಬುದು ಕತ್ತಿ ಹಿಡಿದವರ ಮಾತು. ಸ್ಟೌ ಯಾವಾಗ ಕತ್ತಿ ಹಿಡಿಯಿತು? ‘ಒರೆಗೆ ಹಚ್ಚು’ ಎಂಬ ಕತ್ತಿಯ ಮಾತನ್ನೂ ಹೀಗೇ ಎಲ್ಲೆಂದರಲ್ಲಿ ಬಳಸಿ ಸವೆಸಿದ್ದಾಯಿತು.
– ಒಬ್ಬ ಹಿರಿಯ ಓದುಗ, ಶಿವಮೊಗ್ಗ

ಸಂಪಾದಕರ ಉತ್ತರ: ನಮಸ್ಕಾರ ಸರ್. ನಿಮ್ಮ ಪತ್ರ ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಅರ್ಧ ದಿನ ಅದರದ್ದೇ ಮಾತಾಯಿತು.

ವರಸೆ ಅಂದಕೂಡಲೇ ಕತ್ತಿ ನೆನಪಾಗುವುದು ಸಹಜ. ಕತ್ತಿವರಸೆ, ದೊಣ್ಣೆವರಸೆ ಅಂತ ಕೇಳಿಯೇ ಬೆಳೆದವರು ನಾವು. ಆದರೆ ಈ ಪದದ ಹಳೆಯ ಅರ್ಥ ಸಾಲು, ಕ್ರಮ, ಸರದಿ. ತಮಿಳಿನ ವರಿಸೈ, ತೆಲುಗಿನ ವರುಸ ಇದರ ದಾಯಾದಿಗಳೇ. ‘ವರಸೆಯಲ್ಲಿ ಅವರು ನನಗೆ ಮಾವ ಆಗಬೇಕು’ ಅನ್ನುತ್ತೇವಲ್ಲ, ಅಲ್ಲಿ ಯಾರ ಕೈಯಲ್ಲೂ ಕತ್ತಿ ಇರುವುದಿಲ್ಲ. (ಕೆಲವು ಮನೆಗಳಲ್ಲಿ ಇದ್ದರೂ ಇರಬಹುದು, ಆ ಮಾತು ಬೇರೆ.)

ಸಂಗೀತ ಕಲಿಯುವ ಮಕ್ಕಳ ಮನೆಯಲ್ಲಂತೂ ಬೆಳಗಾದರೆ ವರಸೆಯೇ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ. ಮಾಯಾಮಾಳವಗೌಳ ರಾಗದಲ್ಲಿ ಸರಿಗಮಪದನಿಸ ಹತ್ತಬೇಕು, ಇಳಿಯಬೇಕು, ಅದನ್ನೇ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಬೇಕು. ಜಂಟಿಗೆ ಬಂದರೆ ಸಸ ರಿರಿ ಗಗ ಮಮ. ಈ ಪಾಠಕ್ರಮ ಹಾಕಿಕೊಟ್ಟವರು ಪುರಂದರದಾಸರು ಎಂಬುದು ನಂಬಿಕೆ. ಕತ್ತಿ ಕಲಿಯುವವನದ್ದೂ ಇದೇ ಕಥೆ, ಅಲ್ವಾ? ಹೆಜ್ಜೆ, ಏಟು, ತಡೆ, ಮತ್ತೆ ಹೆಜ್ಜೆ. ಸಂಗೀತ ಕಚೇರಿಯಲ್ಲಿ ಯಾರೂ ಸರಳೆ ವರಸೆ ಹಾಡುವುದಿಲ್ಲ. ಆದರೆ ಅದು ಗಂಟಲಿಗೆ ಇಳಿಯದೆ ಕಚೇರಿಯೂ ಇಲ್ಲ.

ಇನ್ನು ‘ಹೊಸ ವರಸೆ’. ಇದರಲ್ಲಿ ಮಾತ್ರ ಕತ್ತಿಯ ಸದ್ದು ಇದೆ, ಒಪ್ಪುತ್ತೇನೆ. ಎದುರಾಳಿಯ ಏಟಿನ ಕ್ರಮ ಗೊತ್ತಾಯಿತು ಅಂತ ನಾವು ನಿಂತಿರುತ್ತೇವೆ. ಅವನು ಕ್ರಮವನ್ನೇ ಬದಲಾಯಿಸುತ್ತಾನೆ. ನಿನ್ನೆ ಸೈಟು ಕೊಡಲು ಹೂಂ ಅಂದವನು ಇವತ್ತು ‘ತಮ್ಮನನ್ನು ಕೇಳಬೇಕು’ ಅಂದರೆ, ಅದು ಹೊಸ ವರಸೆ. ಒಂದು ತಮಾಷೆ ಗಮನಿಸಿ: ಹೊಸ ವರಸೆ ತೆಗೆಯುವವರು ಯಾವಾಗಲೂ ಬೇರೆಯವರೇ. ‘ನಾನು ಹೊಸ ವರಸೆ ತೆಗೆದೆ’ ಅಂತ ಯಾರೂ ಹೇಳಿಕೊಳ್ಳುವುದಿಲ್ಲ. ನಮ್ಮ ಸ್ಟೌ ನಿನ್ನೆಯವರೆಗೆ ಲೈಟರ್‌ಗೇ ಹತ್ತುತ್ತಿತ್ತು, ಇವತ್ತು ಕಡ್ಡಿ ಗೀರಿದರೂ ಪುಸ್ ಅನ್ನುತ್ತಿದೆ. ಇದಕ್ಕೆ ವರಸೆ ಅನ್ನದೆ ಏನನ್ನಲಿ?

‘ಒರೆಗೆ ಹಚ್ಚು’ ವಿಷಯಕ್ಕೆ ಕತ್ತಿಯನ್ನು ಸುಮ್ನೆ ಎಳೆದಿದ್ದೀರಿ. ಕತ್ತಿ ಇಡುವ ಒರೆ ಬೇರೆ, ಅಕ್ಕಸಾಲಿಗರ ಒರೆಗಲ್ಲು ಬೇರೆ. ಹಚ್ಚುವುದು ಚಿನ್ನವನ್ನು, ಆ ಕಲ್ಲಿಗೆ.

ನೀವು ಹಿಡಿಯದೆ ಬಿಟ್ಟ ತಪ್ಪು ಇನ್ನೊಂದಿದೆ. ಅದೇ ಸಂಚಿಕೆಯಲ್ಲಿ, ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ಕತ್ತಿವರಸೆ (ಫೆನ್ಸಿಂಗ್) ಆಟಗಾರ್ತಿ ಭವಾನಿ ದೇವಿ ಬಗ್ಗೆ ಬರೆಯುತ್ತ ‘ಕತ್ತಿವರಸೆಯ ಪಟ್ಟುಗಳು’ ಎಂದು ಅಚ್ಚು ಹಾಕಿದ್ದೆವು. ಪಟ್ಟು ಕುಸ್ತಿಯದ್ದು. ಪಟ್ಟು ಹಾಕಲು ಎದುರಾಳಿಯ ಮೈ ಕೈಗೆ ಸಿಗಬೇಕು. ಭವಾನಿ ಆಡುವ ಸೇಬರ್ ಎಂಬ ಫೆನ್ಸಿಂಗ್ ಪ್ರಕಾರದಲ್ಲಿ ಮೈಗೆ ಮೈ ತಾಗಿಸಿದರೆ ಹಳದಿ ಕಾರ್ಡು ತೋರಿಸುತ್ತಾರೆ. ನಮಗೂ ಒಂದು ತೋರಿಸಿಬಿಡಿ ಸರ್.