ಮೆಡಿಟರೇನಿಯನ್‌ನಲ್ಲಿ ಹಾಯಿಹಡಗಿನ ರಜೆಗೆ ಹೋದರೆ ನಾವೂ ಹಗ್ಗ ಎಳೆಯಬಹುದಾ? ಅನುಭವ ಬೇಕಾ?

ಖಂಡಿತ ಎಳೆಯಬಹುದು, ಅನುಭವ ಬೇಕಿಲ್ಲ. ಆದರೆ ಹಡಗು ನೋಡಿ ಆರಿಸಿ. ರಾಯಲ್ ಕ್ಲಿಪ್ಪರ್‌ಗೆ 5 ಹಾಯಿಕಂಬ, 42 ಹಾಯಿ. ನೋಡಲು ಅದ್ಭುತ! ಆದರೆ ಅದು ಐಷಾರಾಮಿ ಹಡಗು, ಮನಸ್ಸಿದ್ದರೆ ಸ್ವಲ್ಪ ಕೈಜೋಡಿಸಬಹುದು ಅಷ್ಟೇ. ನಿಜವಾಗಿ ಕಲಿಯಬೇಕು ಅಂದರೆ ತರಬೇತಿ ಕೊಡುವ ಚಿಕ್ಕ ಹಡಗು ಹುಡುಕಿ. ಅಲ್ಲಿ ನಾವೇ ಸಿಬ್ಬಂದಿ. ಪಾಳಿಯಲ್ಲಿ ಚುಕ್ಕಾಣಿ ಹಿಡಿಯಬೇಕು, ಹಾಯಿ ಬಿಚ್ಚಬೇಕು, ಡೆಕ್ ತೊಳೆಯಬೇಕು, ನಡುರಾತ್ರಿ ಎದ್ದು ಕಾವಲಿಗೂ ನಿಲ್ಲಬೇಕು. ಸುರಕ್ಷತಾ ಬೆಲ್ಟ್ ಕಟ್ಟಿಕೊಂಡು ಕಂಬ ಹತ್ತುವ ಅವಕಾಶ ಸಿಕ್ಕರೆ ದಯವಿಟ್ಟು ಬಿಡಬೇಡಿ.

ಗ್ರೀಸ್ ಕಡೆ ಜುಲೈ, ಆಗಸ್ಟ್‌ನಲ್ಲಿ ಮೆಲ್ಟೆಮಿ ಎಂಬ ಉತ್ತರದ ಗಾಳಿ ಜೋರು. ಹೊಟ್ಟೆ ತೊಳಸುವ ಭಯ ಇದ್ದರೆ ಮೇ ಕೊನೆಯಲ್ಲಿ ಹೋಗಿ. ಜಾರದ ಶೂ ಬೇಕೇ ಬೇಕು. ನಡುವೆ ಟರ್ಕಿಯ ಬಂದರಿಗೂ ಹೋಗಿ ಬರುವುದಿದ್ದರೆ, ಹಲವು ಸಲ ಒಳಬರಲು ಬಿಡುವ ಮಲ್ಟಿಪಲ್ ಎಂಟ್ರಿ ಷೆಂಗೆನ್ ವೀಸಾನೇ (ಗ್ರೀಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಕೇಳಿ, ಟರ್ಕಿ ಆ ವಲಯದ ಹೊರಗಿದೆ.