ಕೋಟೆ ಫೋಟೋಗೆ ಹಳೇ ಲೆನ್ಸ್ ಸಾಕಾ, ಹೊಸದೇ ಬೇಕಾ?

ಚಿತ್ರದುರ್ಗದ ಕೋಟೆ ತೆಗೆಯಲು ಮಿರರ್‌ಲೆಸ್ ಕ್ಯಾಮೆರಾಗೆ ಹಳೇ ಮ್ಯಾನುವಲ್ ಲೆನ್ಸ್ ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಬಹುದು. ಎಂ42 (ತಿರುಗಿಸಿ ಕೂರಿಸುವ ಹಳೇ ಸ್ಕ್ರೂ ಜೋಡಣೆ) ಲೆನ್ಸ್‌ನ ಮೌಂಟ್, ಅಂದರೆ ಲೆನ್ಸ್ ಕ್ಯಾಮೆರಾಗೆ ಕೂರುವ ಜಾಗ, ಸೆನ್ಸರ್‌ನಿಂದ 45.46 ಮಿ.ಮೀ. ದೂರ ಇರಬೇಕು. ಸೋನಿ ಇ ಮೌಂಟ್‌ನಲ್ಲಿ ಆ ದೂರ ಬರೀ 18 ಮಿ.ಮೀ. ಉಳಿದ ಜಾಗ ತುಂಬಲು ಗಾಜಿಲ್ಲದ ಅಡಾಪ್ಟರ್ ಸಾಕು.

ನಿಜವಾದ ವ್ಯತ್ಯಾಸ ಕೋಟಿಂಗ್‌ನಲ್ಲಿ, ಅಂದರೆ ಪ್ರತಿಫಲನ ತಗ್ಗಿಸಲು ಗಾಜಿಗೆ ಬಳಿಯುವ ಲೇಪನದಲ್ಲಿದೆ. ಹೀಲಿಯೋಸ್ 44-2 ತರಹದ ಹಳೇ 58 ಮಿ.ಮೀ. ಲೆನ್ಸ್‌ಗಳಲ್ಲಿ ಹೆಚ್ಚಾಗಿ ಒಂದೇ ಪದರದ ಕೋಟಿಂಗ್ ಇರುತ್ತದೆ. ಸಂಜೆ ಬತೇರಿಯ ಹಿಂದೆ ಸೂರ್ಯನಿದ್ದರೆ ಬೆಳಕು ಲೆನ್ಸ್ ಒಳಗೇ ಚದುರುತ್ತದೆ. ನೆರಳೆಲ್ಲ ಬೆಳ್ಳಗಾಗಿ ಬಂಡೆಯ ಒರಟುತನವೇ ಮಾಯ. ಕೆಲವರಿಗೆ ಅದೇ ಇಷ್ಟ. ನನ್ನ ಪ್ರಕಾರ ಮುಖಕ್ಕೆ ಒಪ್ಪುತ್ತದೆ, ಕಲ್ಲಿಗೆ ಒಪ್ಪುವುದಿಲ್ಲ. ಸೂರ್ಯನಿಗೆ ಬೆನ್ನು ಹಾಕಿ ಎಫ್/8ರಲ್ಲಿ (ಲೆನ್ಸ್‌ನ ಬೆಳಕಿನ ಕಿಂಡಿ ಕಿರಿದಾಗಿಸಿ) ತೆಗೆದರೆ, ಫೋಟೋದ ನಡುಭಾಗದಲ್ಲಿ ಹಳೇದು ಯಾವುದು, ಹೊಸದು ಯಾವುದು ಅಂತ ಹೇಳುವುದು ಕಷ್ಟ. ಮೂಲೆಗಳಲ್ಲಿ ಹೊಸದೇ ಮೇಲು.

ಹಳೇ ಲೆನ್ಸ್‌ನಲ್ಲಿ ಆಟೋಫೋಕಸ್ ಇರುವುದಿಲ್ಲ. ಪೀಕಿಂಗ್‌ಗಿಂತ (ಫೋಕಸ್ ಆದ ಅಂಚುಗಳಿಗೆ ಪರದೆಯಲ್ಲಿ ಬಣ್ಣ ತೋರಿಸುವ ಸೌಲಭ್ಯ) ಚಿತ್ರ ಹಿಗ್ಗಿಸಿ ನೋಡುವುದನ್ನೇ ಜಾಸ್ತಿ ನಂಬಿ. ಕೋಟೆಯ ಕೋತಿಗಳು ಸುಮ್ನೆ ಕೂರುವುದಿಲ್ಲ ಅಲ್ವಾ, ಅವಕ್ಕೆ ಹೊಸ ಲೆನ್ಸೇ ಸರಿ. ಕ್ಯಾಮೆರಾ ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಮೆನುವಿನಲ್ಲಿ ಲೆನ್ಸ್‌ನ ಫೋಕಲ್ ಲೆಂಗ್ತ್ (58 ಮಿ.ಮೀ. ತರಹದ ಅಳತೆ) ನೀವೇ ಹಾಕಬೇಕು. ಹಳೇ ಲೆನ್ಸ್ ಕೊಳ್ಳುವ ಮುಂಚೆ ಒಳಗೆ ಟಾರ್ಚ್ ಬೆಳಕು ಹಾಯಿಸಿ ಫಂಗಸ್ ಇದೆಯಾ ನೋಡಿ.